ಹುಟ್ಟಿದ ನಾಡೋ, ಹೆತ್ತವರ ನಾಡೋ?

ತುಮಕೂರಿನಲ್ಲಿ ನಮ್ಮ ಮನೆಯಿಂದ ಎರಡು ಮನೆಯಾಚೆ ನಮ್ಮ ಓರಗೆಯ ಮಿತ್ರರೊಬ್ಬರಿರುವರು. ಅವರ ಮಗನು ಅಮೆರಿಕದಲ್ಲಿ ಉದ್ಯೋಗದಲ್ಲಿರುವನು; ಮೊಮ್ಮಗನು ಅಲ್ಲಿಯೇ ಹುಟ್ಟಿದವನು, ಹತ್ತು ವರ್ಷದ ಬಾಲಕ. ರಜೆಗೆಂದು ಬಂದಿದ್ದ ಆ ಹುಡುಗನು ಎಡಗೈಗೆ ದೊಡ್ಡದೊಂದು ತೊಗಲಿನ ಗವಸನ್ನು ತೊಟ್ಟು, ಅಂಗಳದ ಗೋಡೆಗೆ ಚೆಂಡನ್ನು ಎಸೆದು ಎಸೆದು ಹಿಡಿಯುತ್ತಿದ್ದನು. ಅದು ಕ್ರಿಕೆಟ್ಟಲ್ಲ, ಬೇಸ್‌ಬಾಲ್ ಎಂದು ನಮಗೆ ತಿಳಿಸಿದನು. ಮಿತ್ರರು ಹೆಮ್ಮೆಯಿಂದ, “ದೊಡ್ಡವನಾದ ಮೇಲೆ ಯಾವ ದೇಶಕ್ಕೆ ಆಡುತ್ತೀಯಪ್ಪಾ?” ಎಂದು ಕೇಳಿದರು. “ಯಾರು ಸೇರಿಸಿಕೊಂಡರೆ ಅವರಿಗೆ, ತಾತ” ಎಂದನು ಹುಡುಗ. ಮಿತ್ರರ ಮುಖ ಬಾಡಿತು. “ಕೇಳಿದಿರಾ ಮೇಷ್ಟ್ರೆ? ಇವನು ನಮ್ಮವನೋ, ಅವರವನೋ, ನೀವೇ ಹೇಳಿ” ಎಂದರು. ಆಗ ನಮಗೆ ಉತ್ತರ ತೋಚಲಿಲ್ಲ. ಆಮೇಲೆ ವಿಚಾರಿಸಿ ತಿಳಿದುದನ್ನು, ಇಂತಹ ಮೊಮ್ಮಕ್ಕಳುಳ್ಳ ಗೃಹಸ್ಥರಿಗೆಲ್ಲ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿರುವೆವು.

ಪ್ರಶ್ನೆಯೇನೋ ಹಳೆಯದು. ಬೀಜವು ಒಬ್ಬನದು, ಕ್ಷೇತ್ರವು ಇನ್ನೊಬ್ಬನದು ಆದಾಗ ಫಲವು ಯಾರಿಗೆ ಸಲ್ಲಬೇಕೆಂಬ ಚರ್ಚೆ ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯದಲ್ಲಿಯೇ ಉಂಟು. ಪರರ ಹಸುವಿನಲ್ಲಿ, ಪರರ ಕುದುರೆಯಲ್ಲಿ ಹುಟ್ಟಿದ ಮರಿಯು ಬೀಜದ ಒಡೆಯನಿಗೆ ಸೇರದೆಂದೂ, ಮೊದಲೇ ಒಡಂಬಡಿಕೆಯಾಗಿದ್ದರೆ ಇಬ್ಬರಿಗೂ ಪಾಲುಂಟೆಂದೂ ಅಲ್ಲಿಯ ನಿರ್ಣಯ. ಕುಣಿಗಲ್ಲಿನ ಕುದುರೆ ಫಾರಮ್ಮಿನ ವಿಚಾರ ಬಲ್ಲವರಿಗೆ ಇದು ಹೊಸದಲ್ಲ. ಹೊರದೇಶದಿಂದ ತರಿಸಿದ ಗಂಡುಕುದುರೆಗೆ ನಮ್ಮ ನೆಲದಲ್ಲಿ ಹುಟ್ಟಿದ ಮರಿಯು ಭಾರತದ ಕುದುರೆಯೆಂದೇ ದಾಖಲಾಗುವುದು. ಮುಂಬಯಿಯ ಇಂಡಿಯನ್ ಡರ್ಬಿಯಲ್ಲಿ ಓಡುವ ಅರ್ಹತೆ ಅಂತಹುದಕ್ಕೇ. ಕುದುರೆಯ ಮಟ್ಟಿಗೆ ವಿಷಯವು ಇಷ್ಟು ಸುಲಭ. ಆದರೆ ತಾಯಿಯನ್ನು ಹೊಲಕ್ಕೂ ಮಗುವನ್ನು ಬೆಳೆಗೂ ಹೋಲಿಸುವ ಮಾತು ಇಂದು ನಮಗೆ ಒಪ್ಪದು. ಮನುಷ್ಯನಿಗೆ ನೆನಪುಂಟು, ಬಾಂಧವ್ಯವುಂಟು, ತನ್ನದೇ ಆದ ಇಚ್ಛೆಯುಂಟು. ಆದುದರಿಂದಲೇ ಆಟದ ಮಂಡಲಿಗಳು ಒಂದೊಂದೂ ಒಂದೊಂದು ಬಗೆಯ ನಿಯಮವನ್ನು ಮಾಡಿಕೊಂಡಿವೆ.

ಆ ಹುಡುಗನ ಬೇಸ್‌ಬಾಲನ್ನೇ ಮೊದಲು ನೋಡೋಣ. ೨೦೦೬ರಲ್ಲಿ ಆರಂಭವಾದ ವರ್ಲ್ಡ್ ಬೇಸ್‌ಬಾಲ್ ಕ್ಲಾಸಿಕ್ ಎಂಬ ಪಂದ್ಯಾವಳಿಯಲ್ಲಿ ಒಂದು ನಾಡಿನ ಪರವಾಗಿ ಆಡಲು ಆ ನಾಡಿನ ಪೌರನೇ ಆಗಿರಬೇಕೆಂದಿಲ್ಲ. ಅಲ್ಲಿ ಹುಟ್ಟಿದ್ದರೆ ಸಾಕು. ಖಾಯಂ ನಿವಾಸದ ಹಕ್ಕಿದ್ದರೆ ಸಾಕು. ತಂದೆತಾಯಿಗಳಲ್ಲಿ ಒಬ್ಬರು ಅಲ್ಲಿ ಹುಟ್ಟಿದ್ದರೂ ಸಾಕು. ಕಾನೂನಿನಂತೆ ಆ ನಾಡಿನ ಪೌರತ್ವಕ್ಕೆ ಅರ್ಹನಾಗಿದ್ದರೂ ಸಾಕು. ಈ ಆಟವು ಚೆನ್ನಾಗಿ ಬೇರೂರಿರುವುದು ಕೆಲವೇ ದೇಶಗಳಲ್ಲಿ. ಬಾಗಿಲನ್ನು ಅಗಲವಾಗಿ ತೆರೆಯದಿದ್ದರೆ ಕಣಕ್ಕಿಳಿಯುವ ತಂಡಗಳೇ ವಿರಳವಾದಾವು. ೨೦೧೭ರಲ್ಲಿ ಇಸ್ರೇಲಿನ ತಂಡದಲ್ಲಿದ್ದವರಲ್ಲಿ ಬಹುಮಂದಿ ಅಮೆರಿಕದ ಯೆಹೂದ್ಯರು. ೨೦೨೩ರಲ್ಲಿ ಜಪಾನಿನ ಪರವಾಗಿ ಆಡಿದ ಲಾರ್ಸ್ ನೂಟ್‌ಬಾರ್ ಎಂಬವನು ಹುಟ್ಟಿ ಬೆಳೆದುದು ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ. ಆತನ ತಾಯಿ ಜಪಾನಿನವಳು. ಅಂತಿಮ ಪಂದ್ಯದಲ್ಲಿ ಜಪಾನು ಅಮೆರಿಕವನ್ನೇ ೩–೨ರಿಂದ ಸೋಲಿಸಿತು. ಹೆತ್ತವಳ ನಾಡಿನ ಅಂಗಿಯನ್ನು ತೊಟ್ಟು, ಹುಟ್ಟಿದ ನಾಡನ್ನು ಗೆದ್ದಂತಾಯಿತು.

ಕನ್ನಡದ ಮನೆಗಳಿಗೆ ಇನ್ನೂ ಹತ್ತಿರದ ನಿದರ್ಶನವು ಕ್ರಿಕೆಟ್ಟಿನಲ್ಲುಂಟು. ಒಂದು ನಾಡಿನಲ್ಲಿ ಹುಟ್ಟಿರಬೇಕು, ಇಲ್ಲವೆ ಅದರ ಪೌರತ್ವವಿರಬೇಕು, ಇಲ್ಲವೆ ಹಿಂದಿನ ಮೂರು ವರ್ಷ ಅಲ್ಲಿಯೇ ನೆಲೆಸಿರಬೇಕು ಎಂಬುದು ಅಂತರರಾಷ್ಟ್ರೀಯ ಮಂಡಲಿಯ ನಿಯಮ. ಬೆಂಗಳೂರಿನಿಂದ ನ್ಯೂಜಿಲೆಂಡಿಗೆ ಹೋಗಿ ನೆಲೆಸಿದ ದಂಪತಿಗಳ ಮಗನಾಗಿ ರಚಿನ್ ರವೀಂದ್ರನು ೧೯೯೯ರಲ್ಲಿ ವೆಲಿಂಗ್ಟನ್ನಿನಲ್ಲಿ ಹುಟ್ಟಿದನು. ೨೦೨೩ರ ವಿಶ್ವಕಪ್ಪಿನಲ್ಲಿ ಆತನು ನ್ಯೂಜಿಲೆಂಡಿನ ಪರವಾಗಿ ಮೂರು ಶತಕಗಳನ್ನು ಹೊಡೆದನು. ಅವುಗಳಲ್ಲಿ ಮೂರನೆಯದಾದ ೧೦೮ ಓಟಗಳನ್ನು ಗಳಿಸಿದುದು ಪಾಕಿಸ್ತಾನದೆದುರು, ನವೆಂಬರ್ ೪ರಂದು, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ. ಆ ದಿನಗಳಲ್ಲಿ ಅಜ್ಜಿಯು ಮೊಮ್ಮಗನನ್ನು ಬೆಂಗಳೂರಿನ ಮನೆಯಲ್ಲಿ ಕುಳ್ಳಿರಿಸಿ ದೃಷ್ಟಿ ನಿವಾಳಿಸಿದ ದೃಶ್ಯವನ್ನು ಲೋಕವೆಲ್ಲ ನೋಡಿ ಆನಂದಿಸಿತು. ಮರುವರ್ಷ, ೨೦೨೪ರ ಅಕ್ಟೋಬರಿನಲ್ಲಿ, ಅದೇ ಕ್ರೀಡಾಂಗಣದಲ್ಲಿ ನಡೆದ ಟೆಸ್ಟ್ ಪಂದ್ಯದಲ್ಲಿ ಭಾರತವು ೪೬ ಓಟಗಳಿಗೆ ಕುಸಿಯಿತು. ರಚಿನ್ನನು ೧೩೪ ಹೊಡೆದನು. ೧೯೮೮ರ ತರುವಾಯ ಭಾರತದ ನೆಲದಲ್ಲಿ ನ್ಯೂಜಿಲೆಂಡಿಗೆ ದೊರೆತ ಮೊದಲ ಟೆಸ್ಟ್ ಜಯವದು. ಅಜ್ಜನ ಊರಿನಲ್ಲಿ ಅಜ್ಜನ ದೇಶವನ್ನು ಸೋಲಿಸಲು ಮೊಮ್ಮಗನೇ ನೆರವಾದನು.

ಇದಕ್ಕೆ ತಿರುವುಮುರುವಾದ ಕಥೆಯೂ ಉಂಟು. ನಾಸ್ತುಷ್ ಕೆಂಜಿಗೆ ಎಂಬವನು ಅಮೆರಿಕದ ಅಲಬಾಮದಲ್ಲಿ ೧೯೯೧ರಲ್ಲಿ ಹುಟ್ಟಿದನು. ಎಳವೆಯಲ್ಲಿಯೇ ತಂದೆತಾಯಿಗಳೊಡನೆ ಹಿಂದಿರುಗಿ ಚಿಕ್ಕಮಗಳೂರಿನ ಕಾಫಿಯ ಸೀಮೆಯಲ್ಲಿ ಬೆಳೆದನು. ಆಟವನ್ನು ಕಲಿತುದು ಇಲ್ಲಿ. ಪ್ರಾಯಕ್ಕೆ ಬಂದ ಮೇಲೆ ಹುಟ್ಟಿದ ನಾಡಿಗೆ ಮರಳಿ, ೨೦೨೪ರ ಜೂನಿನಲ್ಲಿ ಡಲ್ಲಾಸಿನಲ್ಲಿ ಅಮೆರಿಕವು ಪಾಕಿಸ್ತಾನವನ್ನು ಸೋಲಿಸಿದಾಗ ಮೂರು ವಿಕೆಟ್ಟುಗಳನ್ನು ಕಿತ್ತನು. ಒಬ್ಬನು ಅಲ್ಲಿ ಹುಟ್ಟಿ ಅಲ್ಲಿಯೇ ಬೆಳೆದವನು. ಇನ್ನೊಬ್ಬನು ಅಲ್ಲಿ ಹುಟ್ಟಿ ಇಲ್ಲಿ ಬೆಳೆದವನು. ಇಬ್ಬರ ಮನೆಮಾತಿನ ಮೂಲವೂ ಒಂದೇ. ಇಬ್ಬರ ಅಂಗಿಯೂ ಹೊರನಾಡಿನದು.

ನಮ್ಮ ದೇಶದ ಬಾಗಿಲು ಮಾತ್ರ ಕಿರಿದು. ಸ್ವಂತ ಇಚ್ಛೆಯಿಂದ ಪರದೇಶದ ಪೌರತ್ವವನ್ನು ಪಡೆದವನು ಭಾರತದ ಪೌರನಾಗಿ ಉಳಿಯನು. ಮನುವು ಹೇಳಿದ ಒಡಂಬಡಿಕೆಯ ಪಾಲು, ಎಂದರೆ ಎರಡು ನಾಡುಗಳ ಪೌರತ್ವವನ್ನು ಒಟ್ಟಿಗೆ ಇಟ್ಟುಕೊಳ್ಳುವ ಪದ್ಧತಿ, ನಮ್ಮ ಕಾನೂನಿನಲ್ಲಿಲ್ಲ. ಮೂಲ ಭಾರತೀಯರಿಗೆಂದು ಕೊಡುವ ಓ.ಸಿ.ಐ. ಚೀಟಿಯಿಂದ ಬಂದು ಹೋಗಲು, ನೆಲೆಸಲು ಅನುಕೂಲವುಂಟೇ ಹೊರತು, ಅದು ಪೌರತ್ವವಲ್ಲ. ಭಾರತದ ಪೌರರೇ ಭಾರತದ ತಂಡಗಳಲ್ಲಿ ಆಡಬೇಕೆಂದು ಸರ್ಕಾರವು ೨೦೦೮ರಲ್ಲಿ ನಿರ್ಣಯಿಸಿತು. ಆದುದರಿಂದ ನಮ್ಮ ಮಿತ್ರರ ಮೊಮ್ಮಗನು ಬೇಸ್‌ಬಾಲಿನ ನಿಯಮದಂತೆ ತಂದೆಯ ದೇಶಕ್ಕೆ ಅರ್ಹನಾದರೂ, ನಮ್ಮ ಸರ್ಕಾರದ ನಿಯಮದಂತೆ ಅನರ್ಹನೇ. ಬೆಂಗಳೂರು ಎಫ್.ಸಿ. ತಂಡದ ರಯನ್ ವಿಲಿಯಮ್ಸ್ ಎಂಬ ಕಾಲ್ಚೆಂಡಿನ ಆಟಗಾರನು ಆಸ್ಟ್ರೇಲಿಯದ ಪರ್ತಿನಲ್ಲಿ ಹುಟ್ಟಿದವನು. ಆತನ ತಾಯಿಯ ತಂದೆ ಸಂತೋಷ್ ಟ್ರೋಫಿಯಲ್ಲಿ ಬೊಂಬಾಯಿಯ ಪರವಾಗಿ ಆಡಿದವರು. ಭಾರತಕ್ಕಾಗಿ ಆಡಬೇಕೆಂಬ ಬಯಕೆಯಿಂದ ಆತನು ೨೦೨೫ರಲ್ಲಿ ಆಸ್ಟ್ರೇಲಿಯದ ಪೌರತ್ವವನ್ನೇ ಬಿಟ್ಟುಕೊಟ್ಟು ಭಾರತದ ಪೌರನಾಗಬೇಕಾಯಿತು.

ಇದು ಕಠಿಣವಲ್ಲವೆ ಎಂದು ಕೇಳುವವರುಂಟು. ಕಠಿಣವೇ ಸರಿ; ಆದರೆ ನಮ್ಮ ಮನಸ್ಸು ಈ ನಿಯಮದ ಕಡೆಗೇ ವಾಲುವುದು. ತುಮಕೂರಿನ ಮಹಾತ್ಮಗಾಂಧಿ ಕ್ರೀಡಾಂಗಣದಲ್ಲಿ ಬೆಳಕು ಹರಿಯುವ ಮುನ್ನವೇ ಓಡುವ ಬಡ ಹುಡುಗರಿರುವರು. ತಂಡದಲ್ಲಿರುವುದು ಎಣಿಕೆಯ ಸ್ಥಾನಗಳು. ಉತ್ತಮ ಸಾಧನ, ಉತ್ತಮ ಗುರುಗಳ ನಡುವೆ ಪರದೇಶದಲ್ಲಿ ಪಳಗಿದವನು ಪಂದ್ಯದ ಹದಿನೈದು ದಿನಕ್ಕೆ ಮಾತ್ರ ಬಂದು ಹೋಗುವುದಾದರೆ, ಈ ಹುಡುಗರಿಗೆ ತಪ್ಪಿದ ಸ್ಥಾನಕ್ಕೆ ಯಾರು ಹೊಣೆ?

ಹಾಗೆಂದು ಹೊರಗಿನವರು ಬರಲೇಬಾರದೆಂದಲ್ಲ. ೧೮೮೪ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯ ಮಾತನ್ನು ನೆನೆಯಿರಿ. ರಾಜಕುಮಾರರ ಊರು ಗಾಜನೂರು, ಬಿ.ವಿ. ಕಾರಂತರದು ದಕ್ಷಿಣ ಕನ್ನಡ. ಆದರೂ ಇಬ್ಬರೂ ಗುಬ್ಬಿ ಕಂಪನಿಯ ನಟರೇ. ಊರಿಂದೂರಿಗೆ ಕಂಪನಿಯೊಡನೆ ಅಲೆದು, ಅದರ ಅನ್ನವನ್ನೂ ಕಷ್ಟವನ್ನೂ ಹಂಚಿಕೊಂಡವರಿಗೆ ಗುಬ್ಬಿಯ ಹೆಸರು ಸಂದಿತು. ದೇಶದ ಅಂಗಿಯೂ ಹಾಗೆಯೇ ಸಲ್ಲಬೇಕು. ಬಂದು ನಮ್ಮೊಡನೆ ಇರುವೆನೆನ್ನುವವನಿಗೆ ಆ ದಾರಿ ಸುಗಮವಾಗಿರಲಿ. ಬಾರದವನನ್ನು ಮಾತ್ರ ಹಳಿಯಬಾರದು. ಕರ್ಣನಿಗೆ ಜನ್ಮದ ರಹಸ್ಯವು ತಿಳಿದ ಮೇಲೆಯೂ ಆತನು ತನ್ನನ್ನು ಕೈಹಿಡಿದವನ ಪಕ್ಷವನ್ನು ಬಿಡಲಿಲ್ಲ. ಅದಕ್ಕಾಗಿ ಕನ್ನಡಿಗರು ಅವನನ್ನು ದ್ರೋಹಿಯೆಂದು ಕರೆದುದುಂಟೆ?

ಮಿತ್ರರಿಗೆ ಇದನ್ನೆಲ್ಲ ವಿವರಿಸಿ ಕೊನೆಗೆ ಹೇಳಿದೆವು: “ಯಾವ ದೇಶದ ಆಟಗಾರನೆಂಬುದನ್ನು ಕಾನೂನು ಹೇಳಲಿ, ಪ್ರಾಯಕ್ಕೆ ಬಂದ ಮೇಲೆ ಹುಡುಗನೂ ಹೇಳಲಿ. ಯಾರ ಮೊಮ್ಮಗನೆಂಬುದನ್ನು ಮಾತ್ರ ಯಾವ ಮಂಡಲಿಯೂ ನಿರ್ಣಯಿಸಬೇಕಾಗಿಲ್ಲ. ದೃಷ್ಟಿ ನಿವಾಳಿಸಿದ ಆ ಅಜ್ಜಿಯು ಅಂಗಿಯ ಬಣ್ಣವನ್ನು ಕೇಳಿದಳೇ?” ಮಕ್ಕಳನ್ನು ಹೊರನಾಡಿನಲ್ಲಿ ಬೆಳೆಸುತ್ತಿರುವ ತಂದೆತಾಯಿಗಳಾದರೋ, ಪೌರತ್ವದ ಕಾಗದಕ್ಕೆ ಸಹಿ ಹಾಕುವಾಗ ಅದರಿಂದ ತೆರೆಯುವ ಬಾಗಿಲು ಯಾವುದು, ಮುಚ್ಚುವ ಬಾಗಿಲು ಯಾವುದು ಎಂಬುದನ್ನು ಅರಿತಿರುವುದು ಒಳಿತು, ಮಗುವಿಗೆ ತಿಳಿವು ಬಂದಾಗ ಅದನ್ನು ಮರೆಮಾಚದೆ ಹೇಳುವುದೂ ಒಳಿತು.

ಮರುದಿನ ಸಂಜೆ ಆ ದಾರಿಯಾಗಿ ಹೋಗುವಾಗ ನೋಡಿದೆವು. ಮಿತ್ರರು ತೊಗಲಿನ ಗವಸನ್ನು ತಾವೇ ತೊಟ್ಟು ನಿಂತಿದ್ದರು, ಮೊಮ್ಮಗನು “ಕೈ ಮುಂದೆ, ತಾತ, ಮುಂದೆ!” ಎಂದು ಕೂಗುತ್ತಿದ್ದನು.