ಒಂದು ಹಾಳೆ, ಎಂಟು ಪುಟ: ಕೈಯಿಂದ ಕೈಗೆ ಸಾಗುವ ‘ಝೀನ್’ ಮತ್ತು ಕಲಾತ್ಮಕ ಅಂಚೆ

ಮೊಬೈಲಿಗೆ ಬಂದ ಹಬ್ಬದ ಶುಭಾಶಯವನ್ನು ಯಾರೂ ಕಪಾಟಿನಲ್ಲಿ ಇಟ್ಟುಕೊಳ್ಳುವುದಿಲ್ಲ. ಆದರೆ ಮೂವತ್ತು ವರ್ಷಗಳ ಹಿಂದೆ ಕುವೈಟಿನಿಂದಲೋ ಬೊಂಬಾಯಿಯಿಂದಲೋ ಮಗ ಬರೆದ ಕಾಗದ ನಮ್ಮ ಅನೇಕ ಮನೆಗಳ ಟ್ರಂಕಿನ ತಳದಲ್ಲಿ ಇಂದಿಗೂ ಭದ್ರವಾಗಿದೆ. ಕಾಗದ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತದೆ ಮತ್ತು ಉಳಿಯುತ್ತದೆ. ಈ ಸರಳ ಗುಣವನ್ನೇ ನಂಬಿ ಬೆಳೆದ ಎರಡು ಅಭ್ಯಾಸಗಳು ಲೋಕದ ಅನೇಕ ಕಡೆ ಇವೆ. ಒಂದು, ‘ಝೀನ್’ ಎಂಬ ಕೈತಯಾರಿಕೆಯ ಕಿರುಪತ್ರಿಕೆ. ಇನ್ನೊಂದು, ಚಿತ್ರ, ಬಣ್ಣ, ಕತ್ತರಿಸಿದ ಕಾಗದಗಳಿಂದ ಅಲಂಕರಿಸಿ ಕಳುಹಿಸುವ ಕಲಾತ್ಮಕ ಅಂಚೆ. ನಮ್ಮ ಧರ್ಮಕೇಂದ್ರಗಳ ಯುವಜನರಿಗೂ ಧರ್ಮೋಪದೇಶದ ಶಿಕ್ಷಕರಿಗೂ ಉಪಯೋಗವಾಗಬಹುದೆಂಬ ಆಶಯದಿಂದ ಇವುಗಳ ಪರಿಚಯವನ್ನು ಇಲ್ಲಿ ಮಾಡಿಕೊಡಲಾಗಿದೆ.

ಝೀನ್ ಎಂದರೇನು?

ಒಬ್ಬ ವ್ಯಕ್ತಿ ಅಥವಾ ಚಿಕ್ಕ ಗುಂಪು ತಾನೇ ಬರೆದು, ತಾನೇ ಪುಟ ಜೋಡಿಸಿ, ಜೆರಾಕ್ಸ್ ಮಾಡಿಸಿ, ಮಡಚಿ, ಹಂಚುವ ಪುಟ್ಟ ಪತ್ರಿಕೆಯೇ ಝೀನ್. ಇದಕ್ಕೆ ಪ್ರಕಾಶಕರಿಲ್ಲ, ಜಾಹೀರಾತಿಲ್ಲ, ಲಾಭದ ಉದ್ದೇಶವೂ ಇಲ್ಲ. ಪ್ರತಿಗಳು ಇಪ್ಪತ್ತೋ ಐವತ್ತೋ ಇದ್ದರೆ ಸಾಕು. ಎಲ್ಲರಿಗೂ ತಲುಪುವುದು ದಿನಪತ್ರಿಕೆಯ ಗುರಿ, ತಲುಪಬೇಕಾದ ಕೆಲವರಿಗೆ ತಲುಪುವುದು ಝೀನಿನ ಗುರಿ. ಚಿಕ್ಕದಾಗಿರುವುದು ಇದರ ಕೊರತೆಯಲ್ಲ, ಇದರ ಸ್ವಭಾವ.

ಓದುಗರ ಪತ್ರಗಳಿಂದ ಹುಟ್ಟಿದ ಪತ್ರಿಕೆ

ಝೀನಿನ ಹುಟ್ಟಿಗೆ ಅಂಚೆಯೇ ಕಾರಣ ಎಂಬುದು ಗಮನಾರ್ಹ. ಅಮೆರಿಕದಲ್ಲಿ 1926ರಲ್ಲಿ ಹ್ಯೂಗೊ ಗರ್ನ್ಸ್‌ಬ್ಯಾಕ್ ಆರಂಭಿಸಿದ ‘ಅಮೇಝಿಂಗ್ ಸ್ಟೋರೀಸ್’ ಎಂಬ ವೈಜ್ಞಾನಿಕ ಕಥೆಗಳ ಮಾಸಿಕವು ಓದುಗರ ಪತ್ರಗಳನ್ನು ಅವರ ವಿಳಾಸದೊಂದಿಗೆ ಮುದ್ರಿಸುತ್ತಿತ್ತು. ಆ ವಿಳಾಸಗಳನ್ನು ನೋಡಿ ಓದುಗರು ಪರಸ್ಪರ ಪತ್ರ ಬರೆಯತೊಡಗಿದರು, ಸಂಘ ಕಟ್ಟಿದರು. 1930ರ ಮೇ ತಿಂಗಳಲ್ಲಿ ಚಿಕಾಗೊದ ಅಂಥ ಒಂದು ಪತ್ರವ್ಯವಹಾರ ಸಂಘ ‘ದಿ ಕಾಮೆಟ್’ ಎಂಬ ಪತ್ರಿಕೆಯನ್ನು ಹೊರತಂದಿತು. ಈ ಬಗೆಯ ಪತ್ರಿಕೆಗಳಲ್ಲಿ ಇದೇ ಮೊದಲನೆಯದೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಇವುಗಳಿಗೆ ‘ಫ್ಯಾನ್‌ಝೀನ್’ ಎಂಬ ಹೆಸರನ್ನು 1940ರಲ್ಲಿ ಕೊಟ್ಟವರು ಲೂಯಿಸ್ ರಸೆಲ್ ಶಾವೆನೆ. ಅದರ ಬಾಲವೇ ಇಂದಿನ ‘ಝೀನ್’.

ಆಗ ಪ್ರತಿ ತೆಗೆಯಲು ಬಳಸುತ್ತಿದ್ದುದು ನಮ್ಮ ಹಿರಿಯರಿಗೆ ಚಿರಪರಿಚಿತವಾದ ಸೈಕ್ಲೋಸ್ಟೈಲ್‌ನಂತಹ ಯಂತ್ರಗಳನ್ನು. ಮುಂದೆ ಜೆರಾಕ್ಸ್ ಯಂತ್ರ ಬಂದ ಮೇಲೆ ಕೆಲಸ ಇನ್ನೂ ಹಗುರವಾಯಿತು. 1976ರಲ್ಲಿ ಲಂಡನ್ನಿನ ಮಾರ್ಕ್ ಪೆರಿ ಎಂಬ ಯುವ ಬ್ಯಾಂಕ್ ಗುಮಾಸ್ತ ತನ್ನ ಮೆಚ್ಚಿನ ಸಂಗೀತದ ಬಗ್ಗೆ ‘ಸ್ನಿಫಿನ್ ಗ್ಲೂ’ ಎಂಬ ಝೀನ್ ಆರಂಭಿಸಿದ. ಶೀರ್ಷಿಕೆಗಳು ದಪ್ಪ ಪೆನ್ನಿನ ಕೈಬರಹ, ಒಳಗೆ ಟೈಪ್‌ರೈಟರಿನ ಅಕ್ಷರ, ಹೊಡೆದುಹಾಕಿದ ತಪ್ಪುಗಳು ಹಾಗೆಯೇ. ಅದನ್ನು ನೋಡಿದ ಎಷ್ಟೋ ಯುವಕರಿಗೆ ‘ಇಷ್ಟನ್ನು ನಾವೂ ಮಾಡಬಹುದು’ ಎಂಬ ಧೈರ್ಯ ಬಂತು.

ಅಂಚೆಯೇ ಕಲೆಯಾದಾಗ

ಕಲಾತ್ಮಕ ಅಂಚೆಯ ಇತಿಹಾಸದಲ್ಲಿ ಮುಖ್ಯವಾಗಿ ಕೇಳಿಬರುವ ಹೆಸರು ನ್ಯೂಯಾರ್ಕಿನ ಕಲಾವಿದ ರೇ ಜಾನ್ಸನ್ ಅವರದು. ಅವರು 1950ರ ದಶಕದಿಂದ ಪುಟ್ಟ ಚಿತ್ರಗಳನ್ನೂ ಕತ್ತರಿಸಿ ಅಂಟಿಸಿದ ಕಾಗದಗಳನ್ನೂ ಗೆಳೆಯರಿಗೆ ಅಂಚೆಯಲ್ಲಿ ಕಳುಹಿಸುತ್ತಿದ್ದರು. ಇದಕ್ಕೆ ಏನಾದರೂ ಸೇರಿಸಿ ಇಂಥವರಿಗೆ ಕಳುಹಿಸಿ ಎಂಬ ಸೂಚನೆಯೂ ಅನೇಕ ಬಾರಿ ಅದರಲ್ಲಿರುತ್ತಿತ್ತು. ಹೀಗೆ ಒಂದೇ ಹಾಳೆ ನಾಲ್ಕಾರು ಕೈಗಳಲ್ಲಿ ಬೆಳೆಯುತ್ತಿತ್ತು. 1970ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂನಲ್ಲಿ ಈ ಬಳಗದವರು ಕಳುಹಿಸಿದ ಅಂಚೆಯದೇ ಒಂದು ಪ್ರದರ್ಶನ ನಡೆಯಿತು. ಮುಂದೆ ಈ ವಲಯದಲ್ಲಿ ಒಂದು ಪದ್ಧತಿ ರೂಢಿಯಾಯಿತು: ಪ್ರವೇಶ ಶುಲ್ಕವಿಲ್ಲ, ತೀರ್ಪುಗಾರರಿಲ್ಲ, ಬಂದದ್ದನ್ನೆಲ್ಲ ಪ್ರದರ್ಶಿಸಬೇಕು. ಬಹುಮಾನವಿಲ್ಲದಿದ್ದರೆ ಯಾರೂ ಭಾಗವಹಿಸುವುದಿಲ್ಲ ಎಂದು ಕೊರಗುವ ನಮ್ಮ ಸಂಘಟಕರು ಯೋಚಿಸಬೇಕಾದ ವಿಷಯವಿದು.

ಕಾರ್ಬನ್ ಹಾಳೆಯ ಸಾಕ್ಷ್ಯ

ಕೈತಯಾರಿಕೆಯ ಪತ್ರಿಕೆ ಎಂದರೆ ಬರೀ ಬಿಡುವಿನ ವೇಳೆಯ ಮೋಜು ಎಂದು ಭಾವಿಸುವವರು ಲಿಥುವೇನಿಯಾದ ಕಥೆಯನ್ನು ತಿಳಿಯಬೇಕು. ಆ ಪುಟ್ಟ ಕಥೋಲಿಕ ದೇಶ ಆಗ ಸೋವಿಯತ್ ಆಳ್ವಿಕೆಯಲ್ಲಿತ್ತು. ಅಲ್ಲಿ ಸರಕಾರದ ಅನುಮತಿಯಿಲ್ಲದೆ ಧಾರ್ಮಿಕ ಪತ್ರಿಕೆಯನ್ನು ಮುದ್ರಿಸುವಂತಿರಲಿಲ್ಲ. ಹೀಗೆ ಗುಟ್ಟಾಗಿ ತಾವೇ ಪ್ರಕಟಿಸಿಕೊಳ್ಳುವ ಬರಹಕ್ಕೆ ಅಲ್ಲಿ ‘ಸಮಿಝ್‌ದಾತ್’, ಅಂದರೆ ಸ್ವಯಂ ಪ್ರಕಟಣೆ ಎಂಬ ಹೆಸರಿತ್ತು.

1972ರ ಮಾರ್ಚ್ 19ರಂದು ‘ಲಿಥುವೇನಿಯಾ ಕಥೋಲಿಕ ಧರ್ಮಸಭೆಯ ವೃತ್ತಾಂತ’ ಎಂಬ ಅರ್ಥದ ಹೆಸರಿನ ಪತ್ರಿಕೆಯ ಮೊದಲ ಸಂಚಿಕೆ ಸಿದ್ಧವಾಯಿತು. ಸಂಪಾದಕರು ಸಿಗಿತಾಸ್ ತಾಮ್ಕೆವಿಚಿಯುಸ್ ಎಂಬ ಯುವ ಧರ್ಮಗುರು. ಟೈಪ್‌ರೈಟರಿನಲ್ಲಿ ತೆಳು ಹಾಳೆಗಳ ನಡುವೆ ಕಾರ್ಬನ್ ಇಟ್ಟು ಪ್ರತಿಗಳನ್ನು ತೆಗೆಯುತ್ತಿದ್ದರು. ಯಾರ ಮನೆ ಶೋಧಿಸಲಾಯಿತು, ಯಾವ ಗುರುಗಳಿಗೆ ದಂಡ ಬಿತ್ತು, ಪೂಜೆಗೆ ಹೋದ ಮಗುವನ್ನು ಶಾಲೆಯಲ್ಲಿ ಹೇಗೆ ಅವಮಾನಿಸಲಾಯಿತು ಎಂಬ ವಿವರಗಳೇ ಅದರ ತುಂಬ ಇರುತ್ತಿದ್ದವು. ಓದಿದವರು ಅದನ್ನು ನಂಬಿಗಸ್ತರಿಗೆ ದಾಟಿಸುತ್ತಿದ್ದರು. ಗುಟ್ಟಾಗಿ ಪಶ್ಚಿಮದ ದೇಶಗಳಿಗೆ ತಲುಪಿದ ಪ್ರತಿಗಳನ್ನು ಅಲ್ಲಿನ ಬಾನುಲಿಗಳು ಓದಿ ಪ್ರಸಾರ ಮಾಡಿದವು.

1974ರ ಆಗಸ್ಟ್‌ನಲ್ಲಿ ಇದರ 11ನೇ ಸಂಚಿಕೆಯನ್ನು ಟೈಪ್ ಮಾಡುತ್ತಿದ್ದ ಧರ್ಮಭಗಿನಿ ನಿಯೋಲೆ ಸದುನೈತೆ ಅವರನ್ನು ಗುಪ್ತ ಪೊಲೀಸರು ಬಂಧಿಸಿದರು. 3 ವರ್ಷಗಳ ಶ್ರಮಶಿಬಿರ, ನಂತರ 3 ವರ್ಷಗಳ ಸೈಬೀರಿಯಾ ಗಡೀಪಾರು ಅವರಿಗೆ ಸಿಕ್ಕ ಶಿಕ್ಷೆ. 1983ರಲ್ಲಿ ಫಾದರ್ ತಾಮ್ಕೆವಿಚಿಯುಸ್ ಅವರೂ ಸೆರೆಯಾದರು. ಆದರೆ ಪತ್ರಿಕೆ ನಿಲ್ಲಲಿಲ್ಲ. ಬೇರೆಯವರು ಟೈಪ್‌ರೈಟರಿನ ಮುಂದೆ ಕುಳಿತರು. 1989ರವರೆಗೆ ಒಟ್ಟು 81 ಸಂಚಿಕೆಗಳು ಹೊರಬಂದವು. ತಾಮ್ಕೆವಿಚಿಯುಸ್ ಅವರು ಮುಂದೆ ಕೌನಾಸ್‌ನ ಮಹಾಧರ್ಮಾಧ್ಯಕ್ಷರಾದರು, 2019ರಲ್ಲಿ ಕಾರ್ಡಿನಲ್ ಆದರು. ಭಗಿನಿ ನಿಯೋಲೆ 2024ರಲ್ಲಿ ನಿಧನರಾದರು. ದೊಡ್ಡ ಮುದ್ರಣಾಲಯಗಳೆಲ್ಲ ಸರಕಾರದ ಕೈಯಲ್ಲಿದ್ದಾಗ ಸತ್ಯವನ್ನು ಉಳಿಸಿದ್ದು ಕೆಲವು ತೆಳು ಹಾಳೆಗಳು ಎಂದರೆ ತಪ್ಪಾಗಲಾರದು.

ನಮ್ಮಲ್ಲಿ ಇದರ ಅಗತ್ಯವೇನು?

ದೇವರ ದಯೆಯಿಂದ ನಮಗೆ ಅಂಥ ಭಯವಿಲ್ಲ. ನಮ್ಮಲ್ಲಿರುವ ಅಪಾಯ ಬೇರೆ: ಮರೆವು. ಕರಾವಳಿಯಲ್ಲಿ ಕೈಬರಹಕ್ಕೂ ಅಚ್ಚಿಗೂ ಹಳೆಯ ನಂಟಿದೆ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಅವರ ಸಂಪಾದಕತ್ವದಲ್ಲಿ ಇಲ್ಲೇ ಹೊರಬಂದದ್ದು, ಅದೂ ಕಲ್ಲಚ್ಚಿನಲ್ಲಿ. ನಮ್ಮ ಶಾಲೆಗಳ ಕೈಬರಹದ ಸಂಚಿಕೆಗಳೂ ಗೋಡೆ ಪತ್ರಿಕೆಗಳೂ ಅನೇಕರ ಮೊದಲ ಬರವಣಿಗೆಗೆ ಜಾಗ ಕೊಟ್ಟವು.

ಇಂದು ಮಕ್ಕಳು ಗಲ್ಫ್ ಅಥವಾ ಕೆನಡಾದಲ್ಲಿದ್ದು, ಹಳ್ಳಿಯ ಮನೆಯಲ್ಲಿ ಇಬ್ಬರೇ ಉಳಿದಿರುವ ಹಿರಿಯರು ಪ್ರತಿ ವಾರ್ಡಿನಲ್ಲೂ ಇದ್ದಾರೆ. ಮೊಂತಿ ಹಬ್ಬಕ್ಕೆ ಹೊಸ ತೆನೆ ತರುತ್ತಿದ್ದ ಗದ್ದೆ ಯಾವುದು, ಯಾವ ನೆರೆಯಲ್ಲಿ ಯಾರ ದೋಣಿ ಯಾರನ್ನು ಕಾಪಾಡಿತು, ಇಂದು ಯಾರೂ ಬಳಸದ ಅಡುಗೆಯ ಮಾತುಗಳು ಯಾವುವು, ಇವೆಲ್ಲ ಅವರ ತಲೆಯಲ್ಲಿ ಮಾತ್ರ ಇವೆ. ಯಾವ ದಿನಪತ್ರಿಕೆಯೂ ಇದನ್ನು ಅಚ್ಚು ಹಾಕುವುದಿಲ್ಲ. ಐವತ್ತು ಓದುಗರಿಗೆ ಮಾತ್ರ ಬೇಕಾದ ಇಂಥ ವಿಷಯಕ್ಕೆ ಝೀನ್ ಹೇಳಿ ಮಾಡಿಸಿದ್ದು.

ತಯಾರಿಸುವ ವಿಧಾನ

ಒಂದು ಎ4 ಹಾಳೆಯಿಂದ 8 ಪುಟಗಳ ಪುಸ್ತಿಕೆ ಮಾಡಬಹುದು.

1. ಹಾಳೆಯನ್ನು ಅಡ್ಡವಾಗಿಟ್ಟು, ಉದ್ದದ ಎರಡು ಅಂಚುಗಳು ಒಂದಕ್ಕೊಂದು ಕೂಡುವಂತೆ ಮಡಚಿ ಬಿಚ್ಚಿ. ನಂತರ ಗಿಡ್ಡ ಅಂಚುಗಳನ್ನು ಕೂಡಿಸಿ ಮಡಚಿ, ಅದೇ ದಿಕ್ಕಿನಲ್ಲಿ ಇನ್ನೊಮ್ಮೆ ಮಡಚಿ ಬಿಚ್ಚಿ. ಈಗ 8 ಸಮಭಾಗಗಳ ಗೆರೆ ಮೂಡಿರುತ್ತದೆ.

2. ಗಿಡ್ಡ ಅಂಚುಗಳು ಕೂಡುವಂತೆ ಒಮ್ಮೆ ಮಾತ್ರ ಮಡಚಿ. ಮಡಿಕೆಯ ಕಡೆಯಿಂದ ನಡುಗೆರೆಯ ಮೇಲೆ ಅರ್ಧದವರೆಗೆ, ಅಂದರೆ ಅಡ್ಡಗೆರೆ ಸಿಗುವ ತನಕ, ಕತ್ತರಿಸಿ. ಬಿಚ್ಚಿದರೆ ಹಾಳೆಯ ನಡುವೆ ಒಂದು ಸೀಳು ಕಾಣುತ್ತದೆ.

3. ಹಾಳೆಯನ್ನು ಮತ್ತೆ ಉದ್ದಕ್ಕೆ ಮಡಚಿ, ಎರಡೂ ತುದಿಗಳನ್ನು ಒಳಕ್ಕೆ ತಳ್ಳಿ. ಸೀಳು ಅಗಲವಾಗಿ ಹಾಳೆ ಕೂಡಿಸುವ ಚಿಹ್ನೆಯ ಆಕಾರಕ್ಕೆ ಬರುತ್ತದೆ. ಅದನ್ನು ಒಂದೇ ಕಡೆಗೆ ಸುತ್ತಿ ಒತ್ತಿದರೆ ಪುಸ್ತಿಕೆ ಸಿದ್ಧ.

4. ಬರೆಯುವ ಮೊದಲೇ, ಮಡಚಿದ ಸ್ಥಿತಿಯಲ್ಲಿ ಪೆನ್ಸಿಲಿನಿಂದ ಪುಟಸಂಖ್ಯೆ ಹಾಕಿ ಬಿಚ್ಚಿ. ನಾಲ್ಕು ಪುಟಗಳು ತಲೆಕೆಳಗಾಗಿ ಕಾಣುತ್ತವೆ. ಅದು ಸರಿಯೇ. ಆ ಸಂಖ್ಯೆಯನ್ನು ಅನುಸರಿಸಿ ಬರೆದರೆ ಗೊಂದಲವಾಗದು.

ಕಪ್ಪು ಶಾಯಿ ಬಳಸಿ. ಪೆನ್ಸಿಲ್ ಮತ್ತು ತಿಳಿನೀಲಿ ಬಣ್ಣ ಜೆರಾಕ್ಸ್‌ನಲ್ಲಿ ಸರಿಯಾಗಿ ಮೂಡುವುದಿಲ್ಲ. ಹಾಳೆಯ ಅಂಚಿನಲ್ಲಿ ಸುಮಾರು ಅರ್ಧ ಸೆಂಟಿಮೀಟರ್ ಖಾಲಿ ಬಿಡಿ. ಬರಹ ಹಾಳೆಯ ಒಂದೇ ಬದಿಯಲ್ಲಿರುವುದರಿಂದ ಒಂದು ಪ್ರತಿಗೆ ತಗಲುವುದು ಒಂದು ಜೆರಾಕ್ಸ್‌ನ ಬೆಲೆ. ಎಂಟು ಪುಟಕ್ಕೆ ಒಂದೇ ವಿಷಯ ಸಾಕು: ಒಬ್ಬ ಅಜ್ಜಿಯ ಒಂದು ಅಡುಗೆ, ಒಂದು ಹಳೆಯ ಶಿಲುಬೆಯ ಕಥೆ, ಒಂದು ಮಳೆಗಾಲದ ನೆನಪು. ತಾರೀಕು, ಊರು, ಹೇಳಿದವರ ಹೆಸರನ್ನು ಅವರ ಒಪ್ಪಿಗೆ ಪಡೆದು ಹಾಕಿರಿ.

ಅಂಚೆಗೆ ಹಾಕುವಾಗ

ಲಕೋಟೆಯನ್ನು ಎಷ್ಟೇ ಅಲಂಕರಿಸಿದರೂ ವಿಳಾಸದ ಜಾಗ ಬಿಳಿಯಾಗಿರಲಿ, 6 ಅಂಕಿಗಳ ಪಿನ್‌ಕೋಡ್ ಸ್ಪಷ್ಟವಾಗಿರಲಿ, ಅಂಚೆಚೀಟಿ ಬಲಗಡೆಯ ಮೇಲ್ಮೂಲೆಯಲ್ಲಿರಲಿ. ಮಣಿ, ಗುಂಡಿ, ಮಿನುಗುಪುಡಿ ಬೇಡ. ಅವು ಉದುರುತ್ತವೆ, ಯಂತ್ರಕ್ಕೂ ಬೇರೆಯವರ ಪತ್ರಕ್ಕೂ ತೊಂದರೆ. ಇನ್‌ಲ್ಯಾಂಡ್ ಪತ್ರದೊಳಗೆ ಏನನ್ನೂ ಇಡುವಂತಿಲ್ಲ, ಆದರೆ ಅದರ ಮೇಲೆಯೇ ಬರೆದು, ಚಿತ್ರಿಸಿ ಝೀನ್ ಮಾಡಬಹುದು. ಲಕೋಟೆಯನ್ನು ಕೌಂಟರಿನಲ್ಲಿ ತೂಗಿಸಿ ಸರಿಯಾದ ಚೀಟಿ ಹಚ್ಚಿರಿ, ಕಡಿಮೆಯಾದರೆ ಪಡೆಯುವವರು ದಂಡ ತೆರಬೇಕಾದೀತು. 2025ರ ಸೆಪ್ಟೆಂಬರ್ 1ರಿಂದ ನಮ್ಮ ದೇಶದಲ್ಲಿ ರಿಜಿಸ್ಟರ್ಡ್ ಅಂಚೆ ಸ್ಪೀಡ್ ಪೋಸ್ಟಿನಲ್ಲಿ ವಿಲೀನವಾಗಿದೆ ಎಂಬುದೂ ನೆನಪಿರಲಿ.

ಪಾಲಿಸಬೇಕಾದ ಮರ್ಯಾದೆ

ಚಿಕ್ಕ ಪತ್ರಿಕೆಗೂ ದೊಡ್ಡ ಜವಾಬ್ದಾರಿಯಿದೆ. ಯಾರದೇ ಮನೆಯ ವಿಷಯ, ರೋಗ, ಜಗಳ ಅವರ ಒಪ್ಪಿಗೆಯಿಲ್ಲದೆ ಬರಬಾರದು. ಹೆಸರಿಲ್ಲದೆ ನಿಂದಿಸಲು ಝೀನನ್ನು ಬಳಸುವುದು ಸಲ್ಲದು. ಬೇರೆಯವರ ಕವನ, ಹಾಡು, ಚಿತ್ರಗಳನ್ನು ನಕಲು ಮಾಡಬೇಡಿ. ನಮ್ಮ ಕಾನೂನಿನಂತೆ ಲೇಖಕರ ಮರಣಾನಂತರ 60 ವರ್ಷಗಳವರೆಗೆ ಕೃತಿಸ್ವಾಮ್ಯ ಇರುತ್ತದೆ. ಮಕ್ಕಳು ಅಂಚೆ ಕಳುಹಿಸುವಾಗ ಮನೆಯ ವಿಳಾಸದ ಬದಲು, ಗುರುಗಳ ಅನುಮತಿ ಪಡೆದು ಧರ್ಮಕೇಂದ್ರದ ಕಚೇರಿಯ ವಿಳಾಸ ಹಾಕುವುದು ಕ್ಷೇಮ. ಸಾರ್ವಜನಿಕ ಸುದ್ದಿ ಮತ್ತು ಅದರ ವಿಮರ್ಶೆಯನ್ನು ನಿಯತಕಾಲಿಕವಾಗಿ ಮುದ್ರಿಸಿ ಪ್ರಕಟಿಸುವುದಾದರೆ ಮಾತ್ರ 2023ರ ಪತ್ರಿಕಾ ನೋಂದಣಿ ಕಾಯಿದೆಯ ಪ್ರಕಾರ ನೋಂದಣಿ ಬೇಕಾಗುತ್ತದೆ. ಅಂಥ ಯೋಜನೆಯಿದ್ದರೆ ಮೊದಲೇ ವಿಚಾರಿಸಿಕೊಳ್ಳಿ.

ಓದುವುದೂ ಒಂದು ಕೆಲಸ

ಝೀನ್ ಓದಿದವರು ಮಾಡಬೇಕಾದದ್ದು ಎರಡು. ಒಂದು, ಬರೆದವರಿಗೆ ನಾಲ್ಕು ಸಾಲಿನ ಉತ್ತರ. ಝೀನ್ ಬಳಗದಲ್ಲಿ ಹಣದ ಬದಲು ತಮ್ಮ ಝೀನನ್ನೇ ಕೊಟ್ಟು ಇನ್ನೊಬ್ಬರದನ್ನು ಪಡೆಯುವ ರೂಢಿಯೂ ಇದೆ. ಎರಡು, ಪ್ರತಿಯನ್ನು ಕಾಪಾಡುವುದು. ನ್ಯೂಯಾರ್ಕಿನ ಬಾರ್ನಾರ್ಡ್ ಕಾಲೇಜಿನ ಝೀನ್ ಗ್ರಂಥಾಲಯ ಸಾಧ್ಯವಾದಲ್ಲೆಲ್ಲ ಎರಡು ಪ್ರತಿ ಸಂಗ್ರಹಿಸುತ್ತದೆ: ಒಂದು ಓದಲು ಕೊಡುವುದಕ್ಕೆ, ಇನ್ನೊಂದು ಭದ್ರವಾಗಿ ಇಡುವುದಕ್ಕೆ. ನಮ್ಮ ಧರ್ಮಕೇಂದ್ರದ ಗ್ರಂಥಾಲಯದ ಒಂದು ಕಪಾಟಿನಲ್ಲೂ ಇದು ಸಾಧ್ಯ.

400 ವರ್ಷಗಳ ಪರಂಪರೆಯ ಡೆನ್ಮಾರ್ಕ್ ದೇಶದ ಅಂಚೆ ಸೇವೆ 2025ರ ಡಿಸೆಂಬರ್ 30ರಂದು ತನ್ನ ಕೊನೆಯ ಪತ್ರವನ್ನು ಬಟವಾಡೆ ಮಾಡಿತು. ಅಲ್ಲಿ ಈಗ ಪತ್ರಗಳ ಕೆಲಸ ಖಾಸಗಿಯವರ ಪಾಲಾಗಿದೆ. ನಮ್ಮೂರಿನ ಅಂಚೆಯಣ್ಣ ಇನ್ನೂ ಮನೆಯ ಬಾಗಿಲಿಗೆ ಬರುತ್ತಾರೆ. ಅವರ ಚೀಲದಲ್ಲಿ ಬ್ಯಾಂಕಿನ ನೋಟೀಸಿನ ಜೊತೆಗೆ ಕೈಬರಹದ ಒಂದು ಲಕೋಟೆಯೂ ಇರಲಿ. ಪ್ರತಿ ವಾರ್ಡಿನ ಯುವಜನರು ಈ ಮಳೆಗಾಲ ಮುಗಿಯುವುದರೊಳಗೆ ಒಬ್ಬ ಹಿರಿಯರ ಬಳಿ ಕುಳಿತು, ಕೇಳಿ, ಒಂದು ಹಾಳೆಯಲ್ಲಿ ಬರೆದು, ಮೊದಲ ಪ್ರತಿಯನ್ನು ಆ ಹಿರಿಯರಿಗೂ ಎರಡನೆಯದನ್ನು ದೂರದಲ್ಲಿರುವ ಅವರ ಮಕ್ಕಳಿಗೂ ಕಳುಹಿಸಲಿ. ಖರ್ಚು ಕೆಲವೇ ರೂಪಾಯಿ. ಕೇಳುವ ವ್ಯವಧಾನವೊಂದನ್ನು ಮಾತ್ರ ನಾವು ಕೈಯಿಂದ ಹಾಕಬೇಕು.