ಬಾಡಿಗೆ ಹಾಯಿದೋಣಿ ನಡುನೀರಿನಲ್ಲಿ ಕೆಟ್ಟಾಗ

ಕೆರಿಬಿಯನ್ ಸಮುದ್ರದ ಬ್ರಿಟಿಷ್ ವರ್ಜಿನ್ ದ್ವೀಪಗಳಲ್ಲಿ ಹಾಯಿದೋಣಿಗಳನ್ನು ನಾವಿಕರಿಲ್ಲದೆ, ದಿನ ಅಥವಾ ವಾರದ ಲೆಕ್ಕದಲ್ಲಿ ಪ್ರವಾಸಿಗರಿಗೆ ಬಾಡಿಗೆಗೆ ಕೊಡುವುದು ಪ್ರಮುಖ ಉದ್ಯಮ. 1969ರಲ್ಲಿ ಚಾರ್ಲಿ ಮತ್ತು ಜಿನ್ನಿ ಕ್ಯಾರಿ ದಂಪತಿಗಳು ಟೋರ್ಟೋಲಾ ದ್ವೀಪದಲ್ಲಿ ಆರು ದೋಣಿಗಳೊಡನೆ ‘ದಿ ಮೂರಿಂಗ್ಸ್’ ಸಂಸ್ಥೆಯನ್ನು ಆರಂಭಿಸಿದರು. 2017ರ ಸೆಪ್ಟೆಂಬರ್‌ನಲ್ಲಿ ಇರ್ಮಾ ಚಂಡಮಾರುತವು ಇಲ್ಲಿನ ದೋಣಿಗಳನ್ನು ರಾಶಿರಾಶಿಯಾಗಿ ಧ್ವಂಸಗೊಳಿಸಿದರೂ ಉದ್ಯಮ ಮತ್ತೆ ತಲೆಯೆತ್ತಿದೆ.

ಭಾರಿ ಬೆಲೆಯ ಸರಕನ್ನು ಅಪರಿಚಿತ ಗ್ರಾಹಕನ ಕೈಗೊಪ್ಪಿಸಿ ಸಮುದ್ರಕ್ಕೆ ಕಳುಹಿಸುವ ವ್ಯಾಪಾರವಿದು. ಉಪ್ಪುನೀರು, ಬಿಸಿಲು, ಪದೇ ಪದೇ ಬದಲಾಗುವ ಕೈಗಳು, ಇವುಗಳ ನಡುವೆ ಏನಾದರೊಂದು ಕೆಡದಿದ್ದರೆ ಅದೇ ಆಶ್ಚರ್ಯ.

ಹೆಚ್ಚು ಗಾಬರಿ ಹುಟ್ಟಿಸುವುದು ಡೀಸೆಲ್ ಇಂಜಿನ್ ಕಾಯುವುದು. ಇದನ್ನು ತಂಪಾಗಿಡುವುದು ಸಮುದ್ರದ ನೀರೇ. ನೀರು ಒಳಬರುವ ದ್ವಾರಕ್ಕೆ ಪಾಚಿ ಅಥವಾ ಪ್ಲಾಸ್ಟಿಕ್ ಚೀಲ ಅಡ್ಡಬಂದರೆ, ಇಲ್ಲವೇ ಪಂಪಿನೊಳಗಿನ ರಬ್ಬರ್ ಇಂಪೆಲ್ಲರ್ ಹರಿದರೆ, ಎಚ್ಚರಿಕೆಯ ಗಂಟೆ ಕೂಗುತ್ತದೆ. ಹೊಗೆಕೊಳವೆಯಿಂದ ಹೊಗೆಯೊಡನೆ ನೀರು ಉಗುಳುತ್ತಿದೆಯೇ ಎಂಬುದನ್ನು ನೋಡಿದರೆ ದೋಷದ ಸುಳಿವು ಸಿಗುತ್ತದೆ. ಕೂಡಲೇ ಇಂಜಿನ್ ನಿಲ್ಲಿಸಬೇಕು. ನೀರಿನ ಕವಾಟ ಮುಚ್ಚಿ ಜಾಲರಿಯನ್ನು ಶುಚಿಗೊಳಿಸಬೇಕು. ಗಾಳಿಯಿದ್ದರೆ ಹಾಯಿ ಬಿಚ್ಚಿ ಬಂಡೆಗಳಿಂದ ದೂರ ಸರಿಯಬಹುದು. ಹಾಯಿದೋಣಿಯಲ್ಲಿ ಬಂದು ಹಾಯಿಯನ್ನೇ ಮರೆಯುವವರೂ ಇದ್ದಾರೆ!

ಲಂಗರು ಎತ್ತುವ ವಿದ್ಯುತ್ ರಾಟೆ ಬಹಳ ವಿದ್ಯುತ್ತನ್ನು ಸೆಳೆಯುತ್ತದೆ. ಅದು ಸತ್ತಂತೆ ಕಂಡಾಗ ಅನೇಕ ವೇಳೆ ಕೆಟ್ಟಿರುವುದು ರಾಟೆಯಲ್ಲ, ಬ್ರೇಕರ್ ಬಿದ್ದಿರುತ್ತದೆ. ದೋಣಿ ಪಡೆಯುವ ದಿನವೇ ಬ್ರೇಕರ್ ಇರುವ ಸ್ಥಳವನ್ನು ಕೇಳಿ ತಿಳಿದವನಿಗೆ ಅದು ಎರಡು ನಿಮಿಷದ ಕೆಲಸ. ಶೌಚಾಲಯ ಕಟ್ಟಿಕೊಂಡರೆ ಮಾತ್ರ ರಜೆಯ ಒಂದು ದಿನ ಹೋಯಿತೆಂದೇ ತಿಳಿಯಬೇಕು.

ಕೈಗೆ ಬಾರದ ದೋಷವನ್ನು ತಡಮಾಡದೆ ಸಂಸ್ಥೆಗೆ ತಿಳಿಸುವುದು ಲಾಭಕರ. ಸಂಸ್ಥೆಗಳು ಮೆಕ್ಯಾನಿಕರನ್ನು ವೇಗದ ದೋಣಿಯಲ್ಲಿ ಕಳುಹಿಸುತ್ತವೆ. ವ್ಯರ್ಥವಾದ ಸಮಯಕ್ಕೆ ಪರಿಹಾರ ನೀಡುವ ಕರಾರುಗಳಲ್ಲಿ ಸಾಮಾನ್ಯವಾಗಿ ಗಂಟೆಗಳ ಎಣಿಕೆ ಗ್ರಾಹಕನ ಕರೆಯಿಂದ ಆರಂಭವಾಗುವುದರಿಂದ, ಕರೆ ಮಾಡಿದ ಹೊತ್ತು ಮತ್ತು ದುರಸ್ತಿ ಮುಗಿದ ಹೊತ್ತನ್ನು ಬರೆದಿಡಬೇಕು. ಸಂಸ್ಥೆಯ ಒಪ್ಪಿಗೆಯಿಲ್ಲದೆ ಮಾಡಿಸಿದ ರಿಪೇರಿಯ ಹಣ ಹಿಂದಿರುಗುವುದು ಕಷ್ಟ. ಗ್ರಾಹಕನ ಅಚಾತುರ್ಯದಿಂದಾದ ಹಾನಿಯಾದರೆ ಮುಂಗಡ ಠೇವಣಿಯಿಂದ ವಜಾ ಆಗುತ್ತದೆ.

ಅಪರಿಚಿತ ದೋಣಿಯವರು ಎಳೆಯಲು ಹಗ್ಗ ಚಾಚಿದಾಗಲಂತೂ ವರ್ತಕನ ಬುದ್ಧಿ ಬೇಕು. ಅಪಾಯದಲ್ಲಿರುವ ನೌಕೆಯನ್ನು ಉಳಿಸಿದವರು, ಉಳಿದ ಆಸ್ತಿಯ ಮೌಲ್ಯವನ್ನೂ ಗಣನೆಗೆ ತೆಗೆದುಕೊಂಡು ಪ್ರತಿಫಲ ಕೇಳಲು ಸಮುದ್ರ ಕಾನೂನಿನಲ್ಲಿ ಅವಕಾಶವಿದೆ. ಸಮಯವಿದ್ದರೆ ಸಂಸ್ಥೆಯನ್ನು ಸಂಪರ್ಕಿಸಿ, ಎಳೆಯುವ ದರವನ್ನು ಮೊದಲೇ ನಿಗದಿಪಡಿಸಿಕೊಂಡು ಹಗ್ಗ ಹಿಡಿಯಬೇಕು. ಜೀವಕ್ಕೇ ಅಪಾಯವಿದ್ದಾಗ ಈ ಲೆಕ್ಕಾಚಾರವೆಲ್ಲ ಬದಿಗೆ: ವಿ.ಎಚ್.ಎಫ್. ರೇಡಿಯೋದ 16ನೆಯ ಚಾನೆಲ್‌ನಲ್ಲಿ ನೆರವು ಕೋರುವುದೇ ಕ್ರಮ. 1989ರ ಅಂತಾರಾಷ್ಟ್ರೀಯ ಒಪ್ಪಂದದ ಪ್ರಕಾರ, ಪ್ರಾಣ ಉಳಿಸಿಕೊಂಡವರಿಂದ ಅದಕ್ಕೆ ಪ್ರತಿಫಲ ಕೇಳುವಂತಿಲ್ಲ.