ಗಾಳ ಹಾಕುವ ಮುನ್ನ ಮೀನಿನ ಬಾಯಿ ನೋಡಿ

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದ. ಅದರಲ್ಲಿ ಬರುವ ರಾಜವಿನೋದಗಳ ಸಾಲಿನಲ್ಲಿ ‘ಮತ್ಸ್ಯವಿನೋದ’ವೂ ಒಂದು. ಮೀನುಗಳ ಬಗೆಗಳು, ಅವುಗಳಿಗೆ ಹಾಕುವ ಆಹಾರ, ಗಾಳದ ಕೋಲು ಮತ್ತು ದಾರದ ವಿವರಗಳು ಅಲ್ಲಿವೆ. ಅಂದರೆ ಯಾವ ಮೀನಿಗೆ ಏನು ಹಾಕಬೇಕು ಎಂಬ ಚರ್ಚೆ ಈ ನಾಡಿನಲ್ಲಿ ಸುಮಾರು ಒಂಬೈನೂರು ವರ್ಷ ಹಳೆಯದು.

ಆ ಚರ್ಚೆಗೆ ಈಗ ಹೊಸಬರು ಸೇರಿದ್ದಾರೆ. ವಾರದ ರಜೆಯಲ್ಲಿ ಊರಾಚೆಯ ಕೆರೆಯತ್ತ ಹೊರಡುವ ನಗರವಾಸಿಗಳ ಕೈಯಲ್ಲಿ ಬಿದಿರಿನ ಕೋಲಿನ ಬದಲು ಫೈಬರ್ ಕೋಲು, ರೀಲು, ಬಣ್ಣಬಣ್ಣದ ಕೃತಕ ಎರೆಗಳಿವೆ. ಸಲಕರಣೆಗೆ ಕೊರತೆಯಿಲ್ಲ. ಆದರೂ ಸಂಜೆಯವರೆಗೆ ಕೂತು ಬರಿಗೈಯಲ್ಲಿ ಮರಳುವವರೇ ಹೆಚ್ಚು. ಕಾರಣ ಸರಳ. ಎಲ್ಲ ನೀರಿಗೂ ಒಂದೇ ಗಾಳ, ಎಲ್ಲ ಮೀನಿಗೂ ಒಂದೇ ಎರೆ ಎಂಬ ನಂಬಿಕೆಯಿಂದ ಅವರು ಹೊರಟಿರುತ್ತಾರೆ.

ಮೂರು ಮೀನು, ಮೂರು ಬಾಯಿ

ರಾಜ್ಯದ ಕೆರೆಗಳಲ್ಲಿ ಸಾಮಾನ್ಯವಾಗಿ ಸಿಗುವ ಕಾಟ್ಲಾ, ರೋಹು, ಮೃಗಾಲ್ ಮೂರೂ ಮೂಲತಃ ಗಂಗಾ ಬಯಲಿನ ಕಡೆಯ ಮೀನುಗಳು. 1957ರಲ್ಲಿ ಹೀರಾಲಾಲ್ ಚೌಧುರಿ ಅವರು ಹಾರ್ಮೋನು ಚುಚ್ಚುಮದ್ದಿನಿಂದ ಗೆಂಡೆ ಜಾತಿಯ ಮೀನುಗಳು ಮೊಟ್ಟೆಯಿಡುವಂತೆ ಮಾಡಿ ಯಶಸ್ವಿಯಾದ ಮೇಲೆ ಇವುಗಳ ಮರಿಗಳು ದೇಶದ ಕೆರೆಕೆರೆಗೂ ತಲುಪಿದವು. ಮೂರನ್ನೂ ಒಂದೇ ಕೆರೆಗೆ ಬಿಡುವುದಕ್ಕೆ ಕಾರಣವಿದೆ. ಅವು ಒಂದೇ ಮಟ್ಟದಲ್ಲಿ ಮೇಯುವುದಿಲ್ಲ.

ಕಾಟ್ಲಾದ ಬಾಯಿ ಮೇಲ್ಮುಖವಾಗಿ ತೆರೆಯುತ್ತದೆ. ಅದು ಮೇಲ್ಪದರದ ಸೂಕ್ಷ್ಮಜೀವಿಗಳನ್ನು ಸೋಸಿ ತಿನ್ನುವ ಮೀನು. ರೋಹು ನಡುನೀರಿನಲ್ಲಿ ಸಸ್ಯಾಹಾರವನ್ನೇ ಹೆಚ್ಚಾಗಿ ಹುಡುಕುತ್ತದೆ. ಮೃಗಾಲ್‌ನ ಬಾಯಿ ಕೆಳಕ್ಕಿದ್ದು, ತಳದ ಕೆಸರಿನಲ್ಲಿ ಕೊಳೆತು ಬಿದ್ದ ಪದಾರ್ಥವನ್ನು ತಿನ್ನುತ್ತದೆ. ಕಾಟ್ಲಾ ಬೇಕೆಂದವರು ಸೀಸದ ಗುಂಡು ಕಟ್ಟಿ ಎರೆಯನ್ನು ತಳಕ್ಕಿಳಿಸಿದರೆ, ಉಪ್ಪರಿಗೆಯಲ್ಲಿರುವ ಅತಿಥಿಗೆ ನೆಲಮಾಳಿಗೆಯಲ್ಲಿ ಎಲೆ ಹಾಕಿದಂತಾಯಿತು.

ಮೇಲ್ಪದರಕ್ಕೂ ನಡುನೀರಿಗೂ ಬೆಂಡು ಕಟ್ಟಿದ ಗಾಳ ಸೂಕ್ತ. ಬೆಂಡನ್ನು ದಾರದ ಮೇಲೆ ಹಿಂದೆ ಮುಂದೆ ಸರಿಸಿ ಎರೆ ಎಷ್ಟು ಆಳದಲ್ಲಿ ನಿಲ್ಲಬೇಕೆಂದು ನಿರ್ಧರಿಸಬಹುದು. ಅರ್ಧ ಗಂಟೆ ಕಾದರೂ ಬೆಂಡು ಅಲುಗದಿದ್ದರೆ ಎರೆ ಬದಲಿಸುವ ಮೊದಲು ಆಳ ಬದಲಿಸುವುದು ಜಾಣತನ. ಕಾಟ್ಲಾಕ್ಕೆ ಹುರಿದ ಕಡಲೆಕಾಯಿ ಹಿಂಡಿ ಮತ್ತು ಅಕ್ಕಿ ತೌಡು ಸೇರಿಸಿದ ಮೆದು ಉಂಡೆ, ರೋಹುವಿಗೆ ಗೋಧಿ ಹಿಟ್ಟಿನ ಕಣಕ ಅಥವಾ ಬ್ರೆಡ್ಡು ಒಗ್ಗುತ್ತದೆ. ತಳದಲ್ಲಿ ಮೇಯುವ ಮೃಗಾಲ್ ಮತ್ತು ಸಾಮಾನ್ಯ ಗೆಂಡೆಗೆ ಸೀಸ ಕಟ್ಟಿದ ಗಾಳ ಬೇಕು. ಗೆಂಡೆಗೆ ಬೇಯಿಸಿದ ಜೋಳದ ಕಾಳು, ಎರೆಹುಳು ಎರಡೂ ಪ್ರಿಯ. ಮೀನಿಗೆ ಹಾಕುವ ತಿನಿಸಿಗೆ ‘ಎರೆ’ ಎನ್ನುತ್ತೇವೆ. ಆ ಹುಳುವಿನ ಹೆಸರಿನಲ್ಲೇ ಅದರ ಉದ್ಯೋಗ ಸೇರಿಕೊಂಡಿದೆ.

ಸಮಯವೂ ಲೆಕ್ಕಕ್ಕೆ ಬರುತ್ತದೆ. ಪಾಚಿ ತುಂಬಿದ ಕೆರೆಗಳಲ್ಲಿ ರಾತ್ರಿಯಿಡೀ ಸಸ್ಯಗಳೂ ಉಸಿರಾಡುವುದರಿಂದ ಬೆಳಗಿನ ಜಾವಕ್ಕೆ ನೀರಿನ ಆಮ್ಲಜನಕ ಅತ್ಯಂತ ಕಡಿಮೆಯಾಗಿರುತ್ತದೆ. ಮೀನುಗಳು ಮೇಲಕ್ಕೆ ಬಂದು ಬಾಯಿ ಬಿಡುತ್ತಿದ್ದರೆ ಅದು ಹಸಿವಲ್ಲ, ಉಸಿರಿನ ಸಂಕಟ. ಅಂಥ ಹೊತ್ತಿನಲ್ಲಿ ಯಾವ ಎರೆಯೂ ನಡೆಯದು.

ಕೋಲು, ದಾರ, ಕೊಕ್ಕೆ

ಕೊಕ್ಕೆಯ ಅಂಕಿ ಹೊಸಬರನ್ನು ಗೊಂದಲಕ್ಕೆ ಕೆಡಹುತ್ತದೆ. 12, 10, 8 ಎಂದು ಅಂಕಿ ಇಳಿದಂತೆ ಕೊಕ್ಕೆ ದೊಡ್ಡದಾಗುತ್ತದೆ. 1 ದಾಟಿದ ಮೇಲೆ 1/0, 2/0 ಎಂದು ಏರಿದಂತೆ ಇನ್ನೂ ದೊಡ್ಡದಾಗುತ್ತದೆ. ಕೊಕ್ಕೆ ಎರೆಗೆ ತಕ್ಕಂತಿರಬೇಕೇ ಹೊರತು ಹಿಡಿಯುವವನ ಆಸೆಗೆ ತಕ್ಕಂತಲ್ಲ.

ತಂಗೂಸಿ ಎಂದು ನಮ್ಮವರು ಕರೆಯುವ ನೈಲಾನ್ ಎಳೆ ಸಾಮಾನ್ಯವಾಗಿ ಗಂಟಿನ ಬಳಿಯೇ ಕಡಿಯುತ್ತದೆ. ಒಣ ಗಂಟನ್ನು ಎಳೆದಾಗ ಉಜ್ಜುವಿಕೆಯ ಬಿಸಿಗೆ ಎಳೆ ದುರ್ಬಲವಾಗುವುದರಿಂದ, ಗಂಟನ್ನು ಒದ್ದೆ ಮಾಡಿ ಬಿಗಿಯಬೇಕು. ರೀಲಿನ ಬಿಗಿತವನ್ನು ದಾರ ತಾಳುವ ಭಾರದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಿಡಬಾರದು. ದೊಡ್ಡ ಮೀನು ಓಡಿದಾಗ ದಾರ ಬಿಡುತ್ತಾ ಹೋಗಬೇಕು, ನಿಂತಾಗ ಸುತ್ತಿಕೊಳ್ಳಬೇಕು. ಹಟ ಹಿಡಿದು ಎಳೆದರೆ ದಾರ ಹೋಗುತ್ತದೆ, ಕೊಕ್ಕೆ ಮೀನಿನ ಬಾಯಲ್ಲೇ ಉಳಿಯುತ್ತದೆ.

ಬೇಟೆಯಾಡುವ ಮೀನುಗಳು

ಹಿಟ್ಟಿನ ಉಂಡೆಗೆ ಮೂಸಿಯೂ ನೋಡದ ಮೀನುಗಳ ಪಂಗಡ ಬೇರೆಯೇ ಇದೆ. ಕೊರವ ಜೊಂಡಿನ ನಡುವೆ ಅಡಗಿ ಕುಳಿತು ಕಪ್ಪೆ, ಮರಿಮೀನುಗಳ ಮೇಲೆ ಎರಗುತ್ತದೆ. ರಬ್ಬರಿನ ಕಪ್ಪೆಯನ್ನು ಎಲೆಗಳ ಮೇಲೆ ಎಸೆದು ಕುಪ್ಪಳಿಸುವಂತೆ ಎಳೆಯುವ ವಿಧಾನ ಇದಕ್ಕೆ ಒಗ್ಗುತ್ತದೆ. ಬಾಳೆಮೀನು ಇಳಿಹೊತ್ತಿನಲ್ಲೂ ಕತ್ತಲಲ್ಲೂ ಮರಿಮೀನುಗಳನ್ನು ಬೆನ್ನಟ್ಟುತ್ತದೆ. ನೀರಿನಲ್ಲಿ ತಿರುಗುತ್ತಾ ಮಿನುಗುವ ಲೋಹದ ಎರೆಗೆ ಅದು ಮರುಳಾಗುವುದುಂಟು.

ಕೊರವದ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಕೆಂಬಣ್ಣದ ಪುಟ್ಟ ಮರಿಗಳ ಗುಂಪು ನೀರಿನ ಮೇಲ್ಮೈಯಲ್ಲಿ ಕುದಿಯುವಂತೆ ಕಂಡರೆ, ಅದರಡಿಯಲ್ಲಿ ತಾಯಿ ತಂದೆ ಮೀನುಗಳು ಕಾವಲಿವೆ ಎಂದರ್ಥ. ಆಗ ಅಲ್ಲಿ ಏನನ್ನೆಸೆದರೂ ಅವು ಎರಗುತ್ತವೆ, ಹಸಿವಿಗಲ್ಲ, ಮರಿಗಳ ರಕ್ಷಣೆಗೆ. ಹಿಡಿಯುವುದು ಬಹಳ ಸುಲಭ. ಹಿಡಿದರೆ ಆ ಮರಿಗಳು ಕೆಲವೇ ಹೊತ್ತಿನಲ್ಲಿ ಇತರ ಮೀನುಗಳ ಪಾಲು.

ಮಲೆನಾಡಿನ ಹತ್ತುಮೀನಿನ ಕಥೆಯೂ ಇಂಥದ್ದೇ. ಮುಂಗಾರಿನ ಮೊದಲ ನೀರಿಗೆ ಮೀನುಗಳು ಮೊಟ್ಟೆಯಿಡಲು ಹಳ್ಳಗಳನ್ನೂ ಗದ್ದೆಯ ಕಾಲುವೆಗಳನ್ನೂ ಹತ್ತುತ್ತವೆ. ದಾರಿಗೆ ಬಿದಿರಿನ ಕೂಳಿಯೊಡ್ಡಿ ಅವನ್ನು ಹಿಡಿಯುವುದು ಹಳೆಯ ವಾಡಿಕೆ. ಒಂದೆರಡು ಮನೆಯ ಸಾರಿಗೆ ಸಾಕಾಗುವಷ್ಟು ಹಿಡಿದಾಗ ಹಳ್ಳ ತಾಳಿಕೊಂಡಿತು. ಇಡೀ ಹಳ್ಳಕ್ಕೆ ಅಡ್ಡಲಾಗಿ ಸಣ್ಣ ಕಣ್ಣಿನ ನೈಲಾನ್ ಬಲೆ ಕಟ್ಟಿದರೆ ಮುಂದಿನ ವರ್ಷ ಹತ್ತಲು ಮೀನೇ ಇರುವುದಿಲ್ಲ.

ಕಾವೇರಿಯ ರಾಗಿ ಉಂಡೆ

ಎರೆಯ ವಿಷಯದಲ್ಲಿ ಕರ್ನಾಟಕಕ್ಕೆ ಹೊರನಾಡುಗಳಲ್ಲೂ ಹೆಸರು ತಂದದ್ದು ನಮ್ಮ ರಾಗಿ. ಕಾವೇರಿಯ ಮಹಶೀರ್ ಮೀನಿಗೆ ಬೇಯಿಸಿದ ರಾಗಿ ಹಿಟ್ಟಿನ ಗಟ್ಟಿ ಉಂಡೆಯೇ ಪ್ರಸಿದ್ಧ ಎರೆ. ಮಹಶೀರ್‌ನ ದವಡೆಯಲ್ಲಿ ಹಲ್ಲಿಲ್ಲ, ಗಂಟಲಿನಲ್ಲಿದೆ. ಏಡಿ, ಬಸವನಹುಳುವಿನ ಚಿಪ್ಪನ್ನೂ ಅದು ಅಲ್ಲಿಯೇ ಅರೆಯುತ್ತದೆ. ಸಣ್ಣ ಮೀನುಗಳು ಕಚ್ಚಿ ಕರಗಿಸಲಾಗದ ಗಟ್ಟಿ ಉಂಡೆ ದೊಡ್ಡ ಬಾಯಿಗಾಗಿ ಕಾದು ಕೂರುತ್ತದೆ.

1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ ಗಾಳ ಹಾಕಿ ಹಿಡಿದ ಮಹಶೀರ್ 120 ಪೌಂಡ್, ಅಂದರೆ 54 ಕಿಲೋಗಿಂತ ಹೆಚ್ಚು ತೂಗಿತ್ತು. ಮುಂದಿನ ದಶಕಗಳಲ್ಲಿ ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಯ ಶಿಬಿರಗಳಿಗೆ ದೇಶವಿದೇಶಗಳಿಂದ ಹವ್ಯಾಸಿಗಳು ಬಂದರು. ಹಿಡಿದ ಮೀನನ್ನು ತೂಗಿ, ಬರೆದಿಟ್ಟುಕೊಂಡು, ಮತ್ತೆ ಹೊಳೆಗೆ ಬಿಡುವುದು ಅಲ್ಲಿಯ ನಿಯಮ. ಸ್ಥಳೀಯ ಹಳ್ಳಿಗರಿಗೆ ಮಾರ್ಗದರ್ಶಿಗಳಾಗಿ ಉದ್ಯೋಗ ಸಿಕ್ಕಿತು. ಆದರೆ ಈ ಪ್ರದೇಶ ಕಾವೇರಿ ವನ್ಯಜೀವಿಧಾಮಕ್ಕೆ ಸೇರಿದ್ದು. ರಕ್ಷಿತ ಪ್ರದೇಶದಲ್ಲಿ ಗಾಳ ಹಾಕುವುದೂ ವನ್ಯಜೀವಿ ಕಾಯ್ದೆಗೆ ವಿರುದ್ಧವೆಂದು ಪರಿಗಣಿತವಾಗಿ, 2012ರ ಹೊತ್ತಿಗೆ ಅಲ್ಲಿ ಗಾಳ ನಿಂತಿತು.

ಲೆಕ್ಕದ ಪುಸ್ತಕ ಹೇಳಿದ ಸತ್ಯ

ಹವ್ಯಾಸಿಗಳು ಬರೆದಿಟ್ಟ ಲೆಕ್ಕಕ್ಕೆ ಎಷ್ಟು ಬೆಲೆಯಿತ್ತೆಂಬುದು ಆಮೇಲೆ ತಿಳಿಯಿತು. ಗಾಳಿಬೋರೆಯ 1998ರಿಂದ 2012ರವರೆಗಿನ ದಾಖಲೆಗಳನ್ನು ವಿಜ್ಞಾನಿಗಳು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದರು. 23 ಸಾವಿರಕ್ಕೂ ಹೆಚ್ಚು ಗಂಟೆಗಳ ಗಾಳ, 6 ಸಾವಿರಕ್ಕೂ ಹೆಚ್ಚು ಮಹಶೀರ್. ಮೇಲುನೋಟಕ್ಕೆ ಹೊಳೆ ಸಮೃದ್ಧವಾಗಿತ್ತು. ವರ್ಷದಿಂದ ವರ್ಷಕ್ಕೆ ಗಾಳಕ್ಕೆ ಸಿಗುವ ಮೀನುಗಳ ಸಂಖ್ಯೆ ಏರುತ್ತಲೇ ಇತ್ತು.

ಆದರೆ ಏರುತ್ತಿದ್ದುದು ನೀಲಿ ರೆಕ್ಕೆಯ ಮಹಶೀರ್. ಹೊಳೆಯನ್ನು ತುಂಬಿಸುವ ಸದುದ್ದೇಶದಿಂದ ಮಹಾರಾಷ್ಟ್ರದ ಲೋಣಾವಳದಲ್ಲಿ ಮರಿಮಾಡಿಸಿ ಇಲ್ಲಿಗೆ ತಂದು ಬಿಟ್ಟ ಜಾತಿಯದು. ಕಾವೇರಿಯದೇ ಆದ ಗೂನುಬೆನ್ನಿನ ಮಹಶೀರ್ ಮಾತ್ರ ಸಿಗುವುದು ಕಡಿಮೆಯಾಗುತ್ತಾ ಬಂದಿತ್ತು. ಸಿಕ್ಕವುಗಳ ಸರಾಸರಿ ತೂಕ ಏರುತ್ತಿತ್ತು. ಇದು ಸಂತೋಷದ ಸುದ್ದಿಯಲ್ಲ. ಮುದಿ ಮೀನುಗಳಷ್ಟೇ ಉಳಿದಿವೆ, ಮರಿಗಳು ಬರುತ್ತಿಲ್ಲ ಎಂಬುದರ ಸೂಚನೆ. 2018ರಲ್ಲಿ ಈ ಗೂನುಬೆನ್ನಿನ ಮೀನಿಗೆ ‘ಟಾರ್ ರೆಮಾದೇವಿ’ ಎಂಬ ವೈಜ್ಞಾನಿಕ ಹೆಸರು ಖಚಿತವಾಯಿತು. ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಅದು ಸೇರಿತು. ತನ್ನ ಹೆಸರು ಪತ್ತೆಯಾಗುವ ಹೊತ್ತಿಗೆ ಅದರ ಸಂತತಿ ಬಹುಪಾಲು ಮುಗಿದಿತ್ತು.

ಬಲೆ ಎಲ್ಲವನ್ನೂ ಬಾಚುತ್ತದೆ. ಮದ್ದುಗುಂಡು, ವಿಷ ಎಲ್ಲವನ್ನೂ ಕೊಲ್ಲುತ್ತವೆ. ಗಾಳ ಮಾತ್ರ ಒಂದೊಂದೇ ಮೀನನ್ನು ತೋರಿಸುತ್ತದೆ. ಯಾವ ಎರೆಗೆ, ಯಾವ ಆಳದಲ್ಲಿ, ಯಾವ ಜಾತಿ, ಎಷ್ಟು ದೊಡ್ಡದು ಎಂದು ಬರೆದಿಟ್ಟರೆ ಅದೇ ಆ ನೀರಿನ ಜಾತಕ.

ಹೊರಡುವ ಮುನ್ನ

ಹೆಚ್ಚಿನ ಕೆರೆಗಳ ಮೀನಿನ ಹಕ್ಕು ಸಹಕಾರ ಸಂಘಗಳಿಗೋ ಗುತ್ತಿಗೆದಾರರಿಗೋ ಸೇರಿರುತ್ತದೆ. ಒಪ್ಪಿಗೆ ಪಡೆಯದೆ ಗಾಳ ಹಾಕುವುದು ಪರರ ತೋಟದ ಮಾವಿಗೆ ಕಲ್ಲೆಸೆದಂತೆ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದೊಳಗಿನ ನೀರು ನಿಷಿದ್ಧ. ಸಿಡಿಮದ್ದು ಮತ್ತು ವಿಷ ಹಾಕಿ ಮೀನು ಹಿಡಿಯುವುದನ್ನು 1897ರ ಮೀನುಗಾರಿಕೆ ಕಾಯ್ದೆಯೇ ಅಪರಾಧವೆಂದು ಸಾರಿದೆ. ಶೃಂಗೇರಿ, ಶಿಶಿಲಗಳಂಥ ದೇವರ ಮೀನುಗಳ ಕ್ಷೇತ್ರಗಳಲ್ಲಿ ಭಕ್ತರೇ ಕಾವಲು.

ಮೀನನ್ನು ಮರಳಿ ಬಿಡುವುದಿದ್ದರೆ ಕೊಕ್ಕೆಯ ಒಳಮುಳ್ಳನ್ನು ಇಕ್ಕಳದಿಂದ ಒತ್ತಿ ಮಲಗಿಸಿ. ಒದ್ದೆ ಕೈಯಿಂದ ಹಿಡಿಯಿರಿ, ಕಿವಿರಿಗೆ ಬೆರಳು ಹಾಕಿ ತೂಗುಹಾಕಬೇಡಿ. ಛಾಯಾಚಿತ್ರ ಬೇಕಿದ್ದರೆ ಮೀನು ನೀರಿನಲ್ಲಿರುವಾಗಲೇ ತೆಗೆಯಿರಿ. ತುಂಡಾದ ತಂಗೂಸಿಯನ್ನು ದಡದಲ್ಲಿ ಬಿಸಾಡಿದರೆ ನೀರುಕಾಗೆ, ಹೆಜ್ಜಾರ್ಲೆಗಳ ಕಾಲಿಗೆ ಅದು ಉರುಳಾಗುತ್ತದೆ. ಕೊಳಚೆ ಸೇರುವ ನಗರದ ಕೆರೆಯ ಮೀನನ್ನು ಅಡುಗೆಮನೆಗೆ ಒಯ್ಯದಿರುವುದೇ ಲೇಸು.

ಬಿಡಬಾರದ ಮೀನೂ ಒಂದಿದೆ. ಸಾಕಣೆಗೆ ನಿಷೇಧವಿದ್ದರೂ ಕಳ್ಳದಾರಿಯಲ್ಲಿ ಬಂದು ಕೆರೆಗಳಿಗೆ ಜಾರಿಕೊಂಡ ಆಫ್ರಿಕನ್ ಕ್ಯಾಟ್‌ಫಿಶ್ ನಮ್ಮ ಮೀನುಗಳ ಮರಿಗಳನ್ನು ಮುಕ್ಕುತ್ತದೆ. ಗಾಳಕ್ಕೆ ಸಿಕ್ಕರೆ ಅದನ್ನು ಮತ್ತೆ ನೀರಿಗೆ ಬಿಡಬೇಡಿ.

ಕೋಲು, ರೀಲು, ಎರೆಯ ಡಬ್ಬಿಯ ಜೊತೆಗೆ ಚೀಲದಲ್ಲಿ ಒಂದು ನೋಟುಪುಸ್ತಕವೂ ಇರಲಿ. ಏನೂ ಸಿಗದ ದಿನವನ್ನೂ ಅದರಲ್ಲಿ ಬರೆಯಿರಿ. ಹತ್ತು ವರ್ಷಗಳ ನಂತರ ಆ ಕೆರೆಯಲ್ಲಿ ಏನಿತ್ತು, ಏನು ಹೋಯಿತು ಎಂದು ಯಾರಾದರೂ ಕೇಳಿದರೆ ಉತ್ತರ ಅಲ್ಲಿರುತ್ತದೆ.